ಜಮಖಾನೆಯ ಇನ್ನೊಂದು ತುದಿ

ದೆವ್ವ, ಶಕುನ, ಕನಸಿನಲ್ಲಿ ಬಂದು ಎಚ್ಚರಿಸುವ ಹಿರಿಯರು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಹೂಸ್ಟನ್ನಿನಲ್ಲಿ ನಾವು ಕನ್ನಡದವರು ಸೇರಿದಾಗ ಊಟವಾದ ಮೇಲೆ ಯಾರಾದರೂ ಇಂಥ ಕಥೆ ತೆಗೆದರೆ, "ಇಷ್ಟು ಓದಿ ಏನು ಹುಚ್ಚರಪ್ಪಾ ಇವರು" ಅಂತ ಗೊಣಗುತ್ತಾ ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಗುವವರು ನಗಲಿ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಹಿಲ್‌ಕ್ರಾಫ್ಟ್ ಬೀದಿಯ ಅಂಗಡಿಗಳಿಂದ ಹತ್ತು ನಿಮಿಷದ ದಾರಿಯಲ್ಲಿ ನಾವೊಂದು ಹಳೆಯ ಮನೆ ಕೊಂಡಿದ್ದೆವು. ಕೊಳ್ಳುವ ಮೊದಲು ಮನೆ ಪರೀಕ್ಷೆ ಮಾಡಿದವನು "ಮನೆ ಬಿಸಿ ಮಾಡುವ ಗ್ಯಾಸ್ ಫರ್ನೆಸ್ ಹಳೆಯದು, ಚಳಿಗೆ ಮುಂಚೆ ಸರ್ವಿಸ್ ಮಾಡಿಸಿ" ಅಂತ ಬರೆದುಕೊಟ್ಟಿದ್ದ. ಹೂಸ್ಟನ್ನಿನಲ್ಲಿ ಫರ್ನೆಸ್ಸಂತೆ! ವರ್ಷದ ಹತ್ತು ತಿಂಗಳು ಎಸಿ ಹಾಕಿಕೊಂಡು ಬದುಕುವ ಊರಿದು. ನನ್ನ ಗಂಡ ಗಿರೀಶ ಆ ಕಾಗದವನ್ನು ಫೈಲಿಗೆ ಸೇರಿಸಿದ. ನಾನೂ ಕೇಳಲಿಲ್ಲ.

ಗೃಹಪ್ರವೇಶ ಮಾಘದಲ್ಲಿ, ಒಂದು ಶನಿವಾರ. ಅದೇ ದಿನ ಉತ್ತರದಿಂದ ಎಲ್ಲಿಲ್ಲದ ಚಳಿ ಇಳಿಯಿತು. ಧಾರವಾಡದಿಂದ ಬಂದಿದ್ದ ಅತ್ತೆ, ಪೂಜೆಗೆ ಹಾಸಲೆಂದು ದೊಡ್ಡದೊಂದು ನವಲಗುಂದದ ಜಮಖಾನೆ ಹೊತ್ತು ತಂದಿದ್ದರು. ಅವರ ಸೂಟ್‌ಕೇಸಿನಲ್ಲಿ ಅರ್ಧ ಅದೇ ಇತ್ತು. ಹೋಮದ ಹೊಗೆ ಏಳುತ್ತಲೇ ಚಾವಣಿಯ ಅಲಾರಂ ಕಿರುಚತೊಡಗಿತು. "ಮೊದಲು ಅದರ ಬಾಯಿ ಮುಚ್ಚಿಸಿ ಸ್ವಾಮಿ, ನನ್ನ ಮಂತ್ರ ನನಗೇ ಕೇಳಿಸ್ತಿಲ್ಲ" ಅಂದರು ಪುರೋಹಿತರು. ಹೊಗೆಗೂ ವಿಷದ ಗಾಳಿಗೂ ಎರಡಕ್ಕೂ ಅದೇ ಅಲಾರಂ. ಗಿರೀಶ ಕುರ್ಚಿ ಹತ್ತಿ ಮನೆಯಲ್ಲಿದ್ದ ಎರಡು ಅಲಾರಂಗಳನ್ನೂ ಕಿತ್ತು, ಬ್ಯಾಟರಿ ತೆಗೆದು ಗ್ಯಾರೇಜಿನಲ್ಲಿಟ್ಟು ಬಂದ. ಎಲ್ಲರಿಗೂ ಸಮಾಧಾನವಾಯಿತು.

ಮಧ್ಯಾಹ್ನದ ಹೊತ್ತಿಗೆ ಬಂದವರೆಲ್ಲ ಉಂಡು ಹೊರಟರು. ಕಿಟಕಿ, ಬಾಗಿಲು ಮುಚ್ಚಿ ಫರ್ನೆಸ್ ಜೋರು ಮಾಡಿದೆವು. ದೇವರ ಮುಂದೆ ಹಚ್ಚಿದ ನಂದಾದೀಪ ಮರುದಿನ ಬೆಳಗಿನವರೆಗೆ ಆರಬಾರದು. ಅದನ್ನಿಟ್ಟಿದ್ದು ಓಣಿಯಂಥ ನಡುಮನೆಯಲ್ಲಿ. ಎದುರಿಗೇ ಫರ್ನೆಸ್ಸಿನ ಗೂಡು, ಅದಕ್ಕೆ ಸಂದಿ ಸಂದಿಯ ಮರದ ಬಾಗಿಲು. ಫರ್ನೆಸ್ ಶುರುವಾದಾಗೆಲ್ಲ ದೀಪದ ಕುಡಿ ಆ ಬಾಗಿಲ ಕಡೆ ವಾಲುತ್ತಿತ್ತು.

"ದೀಪ ಆರ್ತದ ನೋಡವಾ. ಏನರ ಅಡ್ಡ ಕಟ್ಟು" ಅಂದರು ಅತ್ತೆ.

ಕಟ್ಟಿದೆ. ಕುರ್ಚಿ ಹತ್ತಿ, ಆ ಬಾಗಿಲು ಪೂರ್ತಿ ಮುಚ್ಚುವಂತೆ ಜಮಖಾನೆ ಇಳಿಬಿಟ್ಟು, ಎರಡೂ ಕಡೆ ಮೊಳೆಗೆ ಹುರಿಯಿಂದ ಗಂಟು ಬಿಗಿದು, ಕೆಳಗಿನ ಸಂದಿಗೂ ತುರುಕಿದೆ. ದೀಪ ನೆಟ್ಟಗೆ ನಿಂತಿತು. ನನಗೋ ಭಾರಿ ಹೆಮ್ಮೆ. ಉರಿಯುವ ಫರ್ನೆಸ್ಸಿಗೂ ಉಸಿರು ಬೇಕು, ಅದು ಉಸಿರಾಡುವುದು ಆ ಸಂದಿಗಳಿಂದಲೇ ಅಂತ ನನಗೆಲ್ಲಿ ಗೊತ್ತು?

ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಹೋಮದ ಹೊಗೆ, ಹೋಳಿಗೆ ಊಟ, ಮೂರು ದಿನದ ನಿದ್ದೆಗೇಡು ಅಂದುಕೊಂಡೆ. ಆಗ ನಾಲ್ಕು ವರ್ಷದವಳಾಗಿದ್ದ ಮಗಳು ಈಶಾ ಬಂದು "ಅಮ್ಮಾ, ಮೈ ಹೆಡ್ ಈಸ್ ಹರ್ಟಿಂಗ್" ಅಂದಳು. "ಮಲಕ್ಕೋ ಪುಟ್ಟಿ, ಸರಿ ಹೋಗುತ್ತೆ" ಅಂತ ಪಕ್ಕಕ್ಕೆಳೆದು ತಟ್ಟಿದೆ. ನಾಲ್ಕು ಸಲ ತಟ್ಟುವಷ್ಟರಲ್ಲಿ ಕೂಸು ಮಲಗಿಬಿಟ್ಟಿತು. ಆಚೆ ಗಿರೀಶ, ಈಚೆ ಅತ್ತೆ, ಎಲ್ಲರೂ ಒಂದೇ ಹಾಸಿಗೆಯಲ್ಲಿ. ನನಗೂ ಕಣ್ಣು ಎಳೆಯಿತು. ಅಷ್ಟು ಸುಖದ ನಿದ್ದೆ ನಾನು ಮತ್ತೆಂದೂ ಮಾಡಿಲ್ಲ, ಹೇಳಲು ಸಂಕಟವಾಗುತ್ತದೆ, ಆದರೆ ನಿಜ.

ಕನಸೋ ಏನೋ, ನಾನು ಆ ನಡುಮನೆಯಲ್ಲಿ ನಿಂತಿದ್ದೆ. ಬೆಳಕು ತಿಳಿಮಜ್ಜಿಗೆಯ ಹಾಗಿತ್ತು. ನನ್ನ ಕೈಯಲ್ಲಿ ಜಮಖಾನೆಯ ಎರಡು ಮೂಲೆ. ಇನ್ನೆರಡು ಮೂಲೆ ಹಿಡಿದು ಆ ತುದಿಯಲ್ಲಿ ಯಾರೋ ನಿಂತಿದ್ದರು. ಮಡಚುತ್ತಿದ್ದೆವು. ಹತ್ತಿರ ಬರುವುದು, ಮೂಲೆಗೆ ಮೂಲೆ ಕೂಡಿಸುವುದು, ಮತ್ತೆ ಹಿಂದೆ ಸರಿಯುವುದು. ಏನೂ ಅವಸರವಿಲ್ಲ. ಹತ್ತಿರ ಬಂದಾಗೆಲ್ಲ ಮುಖ ನೋಡೋಣವೆಂದರೆ ನಡುವೆ ಜಮಖಾನೆ ಬರುತ್ತಿತ್ತು, ಕೈ ಮಾತ್ರ ಕಾಣುತ್ತಿದ್ದವು. ಈಗಷ್ಟೇ ತೊಳೆದಂಥ ತಣ್ಣನೆಯ, ಒದ್ದೆ ಕೈ. ಕೊನೆಯ ಮಡಿಕೆಯಲ್ಲಿ ಆ ಬೆರಳು ನನ್ನ ಬೆರಳಿಗೆ ತಾಗಿದವು. ಚಳಿ ಅಂದರೆ ಚಳಿ.

ಕಣ್ಣು ಬಿಟ್ಟಾಗ ನಾನು ಮುಂಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತಿದ್ದೆ. ಬಾಗಿಲು ಹಾರುಹೊಡೆದಿತ್ತು. ತೊಡೆಯ ಮೇಲೆ ಈಶಾ. ಕರೆದೆ, ಅಲುಗಾಡಿಸಿದೆ, ಕೆನ್ನೆಗೆ ಹೊಡೆದೆ. ಏಳಲಿಲ್ಲ. "ಗಿರೀಶಾ!" ಅಂತ ಚೀರಿದೆ ನೋಡಿ, ಆ ದನಿ ನನ್ನದೇ ಅಂತ ಗೊತ್ತಾಗಲಿಲ್ಲ. ಅವನು ಗೋಡೆ ಹಿಡಿದು ತೂರಾಡುತ್ತಾ ಅತ್ತೆಯನ್ನು ಎಳೆದುಕೊಂಡು ಬಂದ. ಹುಲ್ಲಿನ ಮೇಲೆ, ಆ ಕೊರೆಯುವ ಗಾಳಿಯಲ್ಲಿ, ಎಷ್ಟೋ ಹೊತ್ತಿನ ಮೇಲೆ ಕೂಸು ಮುಖ ಕಿವುಚಿ ವಾಂತಿ ಮಾಡಿಕೊಂಡಿತು. ಜನ್ಮದಲ್ಲಿ ಯಾವ ವಾಂತಿಗೂ ನಾನು ಅಷ್ಟು ಖುಷಿಪಟ್ಟಿಲ್ಲ.

ಅಗ್ನಿಶಾಮಕದವರು ಬಂದು ಒಳಗೆ ಮೀಟರ್ ಹಿಡಿದು, ಕೂಡಲೇ ಗ್ಯಾಸ್ ಬಂದ್ ಮಾಡಿದರು. ಆಸ್ಪತ್ರೆಯಲ್ಲಿ ನಾಲ್ವರಿಗೂ ಆಮ್ಲಜನಕ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆನೋವಿನ ವೇಷದಲ್ಲಿ ಬಂದು ಮಲಗಿಸಿಬಿಡುತ್ತದೆ ಅಂದರು. ಆಮೇಲೆ ಬಂದ ಮೆಕ್ಯಾನಿಕ್ ಮಸಿ ಹಿಡಿದ ಬರ್ನರ್ ತೋರಿಸಿ, ಬಾಗಿಲಿಗೆ ಬಟ್ಟೆ ಕಟ್ಟಿದ್ದೆವು ಅಂತ ಕೇಳಿ ಹಣೆ ಒತ್ತಿಕೊಂಡ.

ಆ ಬಟ್ಟೆ ಹೊಸ್ತಿಲ ಪಕ್ಕ ಮಡಚಿಟ್ಟಿತ್ತು. ಮೂಲೆಗೆ ಮೂಲೆ ಕೂಡಿ, ಎಂಟು ಮಡಿಕೆ. ಹುರಿ ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಗಿರೀಶ ನಾನು ಚೀರುವವರೆಗೆ ಎದ್ದಿಲ್ಲ. ಅತ್ತೆಗೆ ಮೊಣಕಾಲು ನೋವು, ಕುರ್ಚಿ ಹತ್ತುವ ಮಾತೇ ಇಲ್ಲ. "ವಿಷದ ಮಂಪರಿನಲ್ಲಿ ನೀವೇ ಮಾಡಿ ಮರೆತಿದ್ದೀರಿ" ಅಂದರು ಡಾಕ್ಟರು. ಇರಬಹುದು. ಆದರೆ ಕಾಲೇ ನಿಲ್ಲದವಳು ಗಂಟು ಬಿಚ್ಚಿ, ಅಷ್ಟು ಭಾರದ್ದನ್ನು ಮಡಚಿ, ಕೂಸನ್ನೂ ಹೊತ್ತು ಬಂದಳೇ? ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ಎಷ್ಟೋ ಸಲ ಮಡಚಿ ನೋಡಿದ್ದೇನೆ. ಮೂಲೆ ಕೂಡುವುದಿಲ್ಲ.

"ಆ ಕೈಯಾಗ ಬಳಿ ಇದ್ವೇನು?" ಅಂತ ನನ್ನ ಕನಸು ಕೇಳಿದ ಅತ್ತೆ ಆಸೆಯಿಂದ ವಿಚಾರಿಸಿದರು. ಸತ್ತುಹೋದ ತಮ್ಮ ತಾಯಿ ಬಂದಿದ್ದರೇನೋ ಅಂತ ಅವರಿಗೆ. ನೆನಪಿಲ್ಲ ಅಂದೆ. ಅವರನ್ನು ಸಮಾಧಾನ ಮಾಡಲಿಕ್ಕಾದರೂ ಹೌದು ಅನ್ನಬಹುದಿತ್ತು, ಆಗಲಿಲ್ಲ.

ಈಗ ಪ್ರತಿ ವರ್ಷ ಚಳಿಗೆ ಮುಂಚೆ ಫರ್ನೆಸ್ ಸರ್ವಿಸ್ ಆಗುತ್ತದೆ. ಹೋಮ ಏನಿದ್ದರೂ ಹಿತ್ತಿಲಲ್ಲಿ. ಮೊನ್ನೆ ಈಶಾ ಶಾಲೆಗೆ ಒಂದು ಪುಟ ಬರೆದಿದ್ದಳು, ಅಮ್ಮನೇ ನನ್ನ ಜೀವ ಉಳಿಸಿದ್ದು ಅಂತ. ಓದಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ತಲೆ ನೋಯುತ್ತದೆ ಅಂದ ಕೂಸನ್ನು ತಟ್ಟಿ ಮಲಗಿಸಿದವಳು ನಾನು, ಅದು ಚೆನ್ನಾಗಿ ನೆನಪಿದೆ. ಎತ್ತಿಕೊಂಡು ಹೊರಗೆ ಬಂದವಳೂ ನಾನೇ ಆಗಿದ್ದರೆ ಸಾಕು ಅಂತ ಎಷ್ಟು ಬೇಡಿಕೊಂಡಿದ್ದೇನೋ. ಅದೊಂದು ಮಾತ್ರ ಇವತ್ತಿಗೂ ನೆನಪಿಗೆ ಬರುತ್ತಿಲ್ಲ.