ಮಧ್ಯಾಹ್ನಕ್ಕೆ ಸರಿಹೋಗುವ ಕೈ

ಇವತ್ತು ನನ್ನ ಕೈಗೆ ಆದ ಮರ್ಯಾದೆ ಕೇಳಿ, ಗೆಳತಿಯರೇ.

ಬೆಳಗ್ಗೆ ಹಾಲು ಕರೆಯಲು ಕೂತರೆ ಎರಡೂ ಕೈಯ ಬೆರಳು ಮಡಚಲಾಗಲಿಲ್ಲ. ಯುಗಾದಿಯಿಂದಲೂ ಇದೇ ಗೋಳು. ಗೆಣ್ಣುಗಳು ಊದಿವೆ, ರೇಡಿಯೊದಲ್ಲಿ ವಾರ್ತೆ ಮುಗಿದು ಬಿಸಿಲೇರುವವರೆಗೂ ಕೈ ಮರದ ಕೊರಡು. ಅಡ್ಡಾದಿಡ್ಡಿ ಎಳೆದಿದ್ದಕ್ಕೆ ಹಸು ಒದೆಯಿತು. ಡೇರಿಗೆ ಹಾಕಬೇಕಿದ್ದ ಹಾಲು ಸಗಣಿಯ ಪಾಲಾಯಿತು.

"ಸೋಂಬೇರಿ ಕಣೇ ನೀನು" ಅಂದ ಅತ್ತೆಯೇ ಬೇತಮಂಗಲದಲ್ಲಿ ಬಸ್ಸು ಹತ್ತಿಸಿ ಕೆಜಿಎಫ್‌ನ ಆಸ್ಪತ್ರೆಗೆ ಕರೆದೊಯ್ದರು. ಬಸ್ಸಿಗೆ ಕಾದು, ಡಾಕ್ಟರಿಗೆ ಕಾದು, ನಮ್ಮ ಸರದಿ ಬಂದಾಗ ಮಧ್ಯಾಹ್ನ. ಅಷ್ಟರಲ್ಲಿ ಎಂದಿನಂತೆ ಬೆರಳು ಸಡಿಲವಾಗಿದ್ದವು.

"ಮುಷ್ಟಿ ಕಟ್ಟಮ್ಮ" ಅಂದರು ಡಾಕ್ಟರು. ಕಟ್ಟಿದೆ. "ನನ್ನ ಕೈ ಅದುಮು." ಅದುಮಿದೆ.

"ಬೆಳಿಗ್ಗೆ ಆಗಾಕಿಲ್ಲ ಸಾಮಿ, ಈಗ ಆಯ್ತದೆ" ಅಂದೆ.

"ಕಾಯಿಲೆ ಏನು ಗಡಿಯಾರ ನೋಡ್ಕೊಂಡು ಬರುತ್ತೇನಮ್ಮ? ಕೆಲಸ ಜಾಸ್ತಿಯಾಗಿ ಊದಿದೆ ಅಷ್ಟೆ." ನೋವಿನ ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು: "ಏನೂ ಕಾಯ್ಲೆ ಇಲ್ಲ ಅಂತ ಡಾಕ್ಟ್ರೇ ಏಳ್ಬುಟ್ರು. ಇನ್ಮ್ಯಾಕೆ ಆಲು ಕರೆಯಾಕೆ ನೆಪ ಏಳ್ಬ್ಯಾಡ."

ಈಗ ಸಂಜೆ. ಇಷ್ಟು ಬರೆಯುವಷ್ಟು ಚೆನ್ನಾಗಿವೆ ಬೆರಳು, ದರಿದ್ರದವು. ನಾಳೆ ಬೆಳಗ್ಗೆ ಮತ್ತೆ ಕೊರಡು. ಈ ಕೈ ಕೆಟ್ಟಿದೆ ಎಂದು ಇಡೀ ಊರಿನಲ್ಲಿ ನಂಬಿರುವುದು ಒದ್ದ ಹಸು ಒಂದೇ. ಅದನ್ನೇ ಸಾಕ್ಷಿಗೆ ಕರೆದೊಯ್ಯೋಣವೆಂದರೆ, ಬಸ್ಸಿನವನು ಹತ್ತಿಸಿಕೊಳ್ಳುವುದಿಲ್ಲ.