ದೈತ್ಯ ಗಾಡಿಗೆ ಹೊದಿಕೆ ಹೊಲಿದದ್ದು

ಸೌದಿಯ ಅಲ್ ಖರ್ಜಿನ ಗ್ಯಾರೇಜು ಬೀದಿಯಲ್ಲಿ ಕೂತು ನಾನು ಇಪ್ಪತ್ತಾರು ವರ್ಷಗಳಿಂದ ಗಾಡಿಗಳಿಗೆ ಅಂಗಿ ಹೊಲಿಯುತ್ತಿದ್ದೇನೆ. ಅಂಗಿಯೆಂದರೆ ಕವರು, ಬಿಸಿಲಿಗೂ ಮರಳಿಗೂ ಬಣ್ಣ ಹೋಗದಿರಲೆಂದು ಕಾರಿನ ಮೇಲೆ ಎಳೆಯುವ ದಪ್ಪ ಬಟ್ಟೆಯ ಹೊದಿಕೆ. ಊರಿನಲ್ಲಿದ್ದಾಗ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದೆ. ಮಕ್ಕಳು ಬೆಳೆಯುತ್ತಾರೆಂದು ಅಂಚಿನಲ್ಲಿ ಒಂದೆರಡು ಇಂಚು ಬಟ್ಟೆ ಮಡಚಿ ಬಿಡುವುದು ನಮ್ಮ ಕ್ರಮ. ಗಾಡಿಗಳೂ ಬೆಳೆಯುತ್ತವೆ ಎಂದು ಆಗ ಯಾರಾದರೂ ಹೇಳಿದ್ದರೆ ತಲೆ ಸರಿ ಇದೆಯಾ ಎಂದು ಕೇಳುತ್ತಿದ್ದೆ.

ಬೆಳೆದವು ಮಾರಾಯರೇ, ನನ್ನ ಕಣ್ಣೆದುರೇ ಬೆಳೆದವು! ನಾನು ಬಂದ ಹೊಸತರಲ್ಲಿ ಒಂದು ಥಾನು ಬಟ್ಟೆಯಲ್ಲಿ ಮೂರು ಕವರು ಏಳುತ್ತಿತ್ತು, ಮೇಲೆ ಉಳಿದ ತುಂಡಿನಲ್ಲಿ ಚೀಲವನ್ನೂ ಹೊಲಿಯುತ್ತಿದ್ದೆ. ಈಗ ಅದೇ ಥಾನಿನಲ್ಲಿ ಎರಡು ಎಬ್ಬಿಸಲು ತಿಣುಕಬೇಕು. ಅಂಗಡಿ ಎದುರು ಮೊದಲು ಐದು ಗಾಡಿ ನಿಲ್ಲುತ್ತಿದ್ದವು. ಈಗ ಮೂರು ನಿಂತರೆ ಮೂರನೆಯದರ ಬಾಲ ರಸ್ತೆಗೆ ಬಂದು, ಹಿಂದಿನವರೆಲ್ಲ ಹಾರ್ನ್ ಹೊಡೆದು ನಮ್ಮ ಕಿವಿ ತೂತು ಮಾಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಕಾಲು ಬೆಳೆದಷ್ಟೂ ಹಾಸಿಗೆ ಹೊಲಿಯುವುದು ನನ್ನ ಪಾಲಿಗೆ ಬಂದ ಕೆಲಸ.

ಒಮ್ಮೆ ಮಾನವನ್ನೂ ಕಳೆದುಕೊಂಡಿದ್ದೆ. ಗಿರಾಕಿಯೊಬ್ಬರು ಫೋನಿನಲ್ಲಿ ಗಾಡಿಯ ಹೆಸರು ಹೇಳಿದರು. ಆ ಹೆಸರಿನ ಗಾಡಿಯ ಅಳತೆ ನನಗೆ ಬಾಯಿಪಾಠ, ಟೇಪು ಮುಟ್ಟುವುದೇ ಬೇಡ ಎಂದು ಜಂಭದಿಂದ ಕತ್ತರಿ ಹಾಕಿದೆ. ಹೆಸರು ಹಳೆಯದೇ, ಗಾಡಿ ಹೊಸದು. ಕವರು ಎಳೆದರೆ ಕನ್ನಡಿಯವರೆಗೆ ಬಂದು ನಿಂತಿತು. ನನ್ನ ಪಾಲುದಾರ ಭಟ್ಕಳದವನು. ಅವನ ಮನೆಮಾತು ನವಾಯತಿ, ನನ್ನದು ಬ್ಯಾರಿ, ಇಬ್ಬರ ಜಗಳಕ್ಕೂ ಕನ್ನಡವೇ ಗತಿ. ಅವನು ಹೊಟ್ಟೆ ಹಿಡಿದು ನಕ್ಕ. "ಎಂತ ಮಾರಾಯ, ಅಪ್ಪನಿಗೆ ಮಗನ ಚಡ್ಡಿ ಹಾಕ್ತಿದ್ದೀಯಾ?" ಎಂದ. ಅವತ್ತಿನಿಂದ ಯಾವ ಗಾಡಿಯನ್ನೂ ಟೇಪು ಹಿಡಿಯದೆ ನಂಬಲಿಲ್ಲ.

ಈ ಬೀದಿಯಲ್ಲಿ ನನಗೆ ತುಂಬ ಬೇಕಾದವರು ಒಬ್ಬ ಅರಬ್ ಮುದುಕರು. ನಾನು ಅವರನ್ನು ಶೇಖ್ ಎನ್ನುತ್ತಿದ್ದೆ, ಅವರು ನನ್ನನ್ನು ಖಯ್ಯಾತ್, ಅಂದರೆ ದರ್ಜಿ, ಎನ್ನುತ್ತಿದ್ದರು. ನನ್ನ ಹಾಗೆ ಗಿಡ್ಡ ಆಳು, ನನ್ನ ಹಾಗೆಯೇ ಮೂಗಿನ ತುದಿಯಲ್ಲಿ ಸಿಟ್ಟು. ಊರ ಹೊರಗೆ ಮರಳಿನಲ್ಲಿ ಅವರಿಗೊಂದು ಆಡಿನ ಹಟ್ಟಿ. ಬೆಳಗಿನ ನಮಾಜು ಮುಗಿಸಿ ತಮ್ಮ ಹಳೆಯ ವನೇಟಿನಲ್ಲಿ, ಇಲ್ಲಿ ಸಣ್ಣ ಪಿಕಪ್ಪಿಗೆ ಹಾಗೆನ್ನುತ್ತಾರೆ, ಮೇವು ಹೇರಿಕೊಂಡು ಒಬ್ಬರೇ ಹೊರಡುತ್ತಿದ್ದರು. ಆ ಸದ್ದು ಕೇಳಿದರೆ ಮರಿಗಳು ಎದುರಿಗೇ ಓಡಿ ಬರುತ್ತವೆ ಎಂದು ಹೇಳುವಾಗ ಅವರ ಮುಖ ಅರಳುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವರಿಗಿದ್ದ ಸಂತೋಷ ಅದೊಂದೇ.

ಮೂರು ವರ್ಷದ ಹಿಂದೆ ರಿಯಾದಿನಲ್ಲಿರುವ ಮಗ ಆ ವನೇಟನ್ನು ಮಾರಿ, ಅಪ್ಪನಿಗೆ ಪ್ರೀತಿಯಿಂದ ಹೊಸ ಪಿಕಪ್ ತಂದುಕೊಟ್ಟ. ಅದು ನಮ್ಮ ಅಂಗಡಿ ಎದುರು ಬಂದು ನಿಂತಾಗ ಒಳಗೆ ಬೆಳಕೇ ಕಡಿಮೆಯಾಯಿತು. ನಾನು ಸೂಜಿ ಬಿಟ್ಟು ಹೊರಗೆ ಬಂದೆ. ಸುಭಾನಲ್ಲಾ! ಬಾನೆಟ್ಟು ನನ್ನ ಗದ್ದಕ್ಕೆ ಸಮ. ಚಕ್ರಗಳು ನನ್ನ ಸೊಂಟದವರೆಗೆ. ಮುಂದಿನ ಜಾಲರಿಯಲ್ಲಿ ನನ್ನ ಇಡೀ ದೇಹ ತುಂಡು ತುಂಡಾಗಿ ಕಾಣುತ್ತಿತ್ತು. ಸುತ್ತ ಒಂದು ಪ್ರದಕ್ಷಿಣೆ ಬಂದೆ, ಸಾಲದೆ ಇನ್ನೊಂದು ಬಂದೆ. ಮನುಷ್ಯ ಇಷ್ಟು ದೊಡ್ಡದನ್ನು ಮಾಡಿ ಅದಕ್ಕೆ ಇಷ್ಟು ನುಣುಪು ಕೊಟ್ಟಿದ್ದಾನಲ್ಲ ಎಂದು ನಿಜಕ್ಕೂ ಬೆರಗಾದೆ. ಪಾಲುದಾರ ಮಾತ್ರ ಬಾಗಿಲಲ್ಲೇ ನಿಂತು, "ಇದಕ್ಕೆ ಕವರು ಯಾಕೆ, ಎರಡು ಬಾಗಿಲು ಇಟ್ಟು ಬಾಡಿಗೆಗೆ ಕೊಡುವ" ಎಂದ.

ಶೇಖ್ ಇಳಿಯುವುದನ್ನು ನೋಡಿ ನನ್ನ ನಗು ನಿಂತಿತು. ಹಾಲಿನ ಡೈರಿಯ ಒಂದು ಪ್ಲಾಸ್ಟಿಕ್ ಕ್ರೇಟಿಗೆ ಹಗ್ಗ ಕಟ್ಟಿ ಸೀಟಿನ ಬದಿಯಲ್ಲಿ ಇಟ್ಟುಕೊಂಡಿದ್ದರು. ಅದನ್ನು ಕೆಳಗೆ ಬಿಟ್ಟು, ಬಾಗಿಲು ಹಿಡಿದು, ಕಾಲಿನಿಂದ ಕ್ರೇಟು ಹುಡುಕಿ ಇಳಿದರು. ಹತ್ತುವಾಗಲೂ ಹಾಗೆಯೇ, ಹತ್ತಿ ಕೂತು ಬಾವಿಯ ಕೊಡದಂತೆ ಕ್ರೇಟನ್ನು ಮೇಲೆಳೆಯುವುದು. "ಮಗನಿಗೆ ಹೇಳಬೇಡ, ಪ್ರೀತಿಯಿಂದ ತಂದಿದ್ದಾನೆ" ಎಂದರು. ಸೀಟ್ ಬೆಲ್ಟಿನ ಪಟ್ಟಿಯಿಂದ ಒಂದು ಮೆಟ್ಟಿಲು ಹೊಲಿದುಕೊಡುತ್ತೇನೆ ಎಂದೆ. ಅವರು ಮಗುವಿನಂತೆ ತಲೆಯಾಡಿಸಿದರು.

ಅಳತೆ ಶುರು ಮಾಡಿದೆ. ಉದ್ದ, ಅಗಲ, ಎತ್ತರ ಮುಗಿದವು. ಟೇಪು ಹಿಡಿದು ನಾನು ಅಂಗಡಿಯ ಕಡೆ ಹೊರಟದ್ದನ್ನು ಶೇಖ್ ನೋಡಿದರು, ಕೆಲಸ ಆಯಿತೆಂದುಕೊಂಡು ಗಾಡಿ ಹತ್ತಿದರು. ನನಗೋ ಅರ್ಧ ದಾರಿಯಲ್ಲಿ ನೆನಪಾಯಿತು, ಬಂಪರಿನ ಕೆಳಗಿನ ಅಂಚು ಬಾಕಿ ಇದೆ. ಹಿಂದಕ್ಕೆ ಬಂದು ಮುಂಭಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಎಂಜಿನ್ ಗುರ್ ಎಂದಿತು. ನೆರಳಿಗೆ ಹಾಕಲು ಹೊರಟಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಬಂಪರು ನನ್ನ ಎದೆಗೆ ತಾಗಿತು. ಕೂಗಿದೆ. ಏಸಿ ಹಾಕಿ ಗಾಜು ಮುಚ್ಚಿದ ಕೋಟೆಯೊಳಗೆ ಯಾರಿಗೆ ಕೇಳಬೇಕು! ಅಂಗಾತ ಬಿದ್ದೆ. ಆ ಗಾಡಿ ನನ್ನ ಮೇಲೆಯೇ ಬಂತು.

ಕಬ್ಬಿಣದ ಹೊಟ್ಟೆಯೊಂದು ಮುಖದ ಮೇಲೆ ಒಂದು ಗೇಣು ದೂರದಲ್ಲಿ ಹಾದುಹೋಗುವುದನ್ನು ನಾನು ನೋಡಿದ್ದೇನೆ. ಬಿಸಿ ಎಣ್ಣೆಯ ವಾಸನೆ, ಪೈಪುಗಳು, ಬೋಲ್ಟುಗಳು, ಒಂದೊಂದೂ ಲೆಕ್ಕ ಹಾಕುವಷ್ಟು ನಿಧಾನ. ನನ್ನನ್ನು ಮರೆ ಮಾಡಿದ ಆ ಎತ್ತರವೇ ನನ್ನನ್ನು ಉಳಿಸಿತು. ಭಯವಾಯಿತೇ ಎಂದು ಕೇಳಿದರೆ, ಆ ಹೊತ್ತಿಗೆ ಭಯವಿಲ್ಲ, ಬರೀ ಆಶ್ಚರ್ಯ. ಇಷ್ಟು ದೊಡ್ಡದು ನನ್ನ ಮೇಲೆ ಹೋಗುತ್ತಿದೆ, ಅದಕ್ಕೆ ನಾನಿರುವುದೇ ಗೊತ್ತಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು. ಪಾಲುದಾರ ಓಡಿ ಬಂದು ಗಾಜು ಬಡಿದು ಗಾಡಿ ನಿಲ್ಲಿಸಿ, ನನ್ನನ್ನು ಹೊರಗೆ ಎಳೆದ.

ಶೇಖ್ ಕ್ರೇಟಿಲ್ಲದೆ ಧುಮುಕಿಬಿಟ್ಟರು. ನನ್ನ ತಲೆ, ಎದೆ, ಕಾಲು ಮುಟ್ಟಿ ಮುಟ್ಟಿ ನೋಡಿದರು. "ನಾನು ನೋಡಿದೆ ಖಯ್ಯಾತ್, ಅಲ್ಲಾಹನಾಣೆ ನೋಡಿದೆ, ಎದುರಿಗೆ ಯಾರೂ ಇರಲಿಲ್ಲ" ಎಂದರು. ಬೈಯಬೇಕೆಂದು ಬಾಯಿ ತೆರೆದವನು ಹೇಗೆ ಬೈಯಲಿ? ಅವರು ಹೇಳಿದ್ದು ಸುಳ್ಳಲ್ಲವಲ್ಲ.

ಚಹಾ ಕುಡಿಸಿ ಕೂರಿಸಿದೆವು. ಆಗ ನನ್ನ ಕೈ ಹಿಡಿದು ಒಂದು ಮಾತು ಕೇಳಿದರು. "ಮಗನಿಗೆ ಇದು ತಿಳಿಯಬಾರದು. ಗಾಡಿ ದೊಡ್ಡದಾಯಿತು ಎನ್ನುವುದಿಲ್ಲ ಅವನು, ಅಪ್ಪ ಮುದುಕನಾದ ಎನ್ನುತ್ತಾನೆ. ಇದರ ಕೀ ಮಾತ್ರವಲ್ಲ, ಎಲ್ಲ ಕೀಯನ್ನೂ ತೆಗೆದಿಡುತ್ತಾನೆ. ಆಮೇಲೆ ಆಡುಗಳ ಹತ್ತಿರ ಹೋಗುವವರು ಯಾರು?" ನಾನು ಆಣೆ ಹಾಕಿದೆ. ಅವತ್ತು ಗಾಡಿಯನ್ನು ಮನೆಗೆ ಮುಟ್ಟಿಸಿದವನು ಪಾಲುದಾರ. ಅಲ್ಲಿಂದ ಮುಂದೆ ಶೇಖ್ ಅದನ್ನು ಓಡಿಸಲಿಲ್ಲ. ನೀರಿನ ಟ್ಯಾಂಕರಿನವನು ಆ ದಾರಿಗೆ ಹೋದ ದಿನ ಅವನ ಜೊತೆ ಹಟ್ಟಿಗೆ, ಹೋಗದ ದಿನ ಗೋಡೆ ನೋಡುತ್ತ ಮನೆಯಲ್ಲಿ.

ಹೊಲಿಗೆ ಮುಗಿದ ವಾರದ ಶುಕ್ರವಾರ ಜುಮಾ ನಮಾಜಿನ ಮೇಲೆ ಕವರು ಹೊತ್ತುಕೊಂಡು ಅವರ ಮನೆಗೆ ಹೋದೆ. ಮಗ ತನ್ನ ಸಣ್ಣ ಕಾರಿನಲ್ಲಿ ಬಂದಿದ್ದ, ಅವನ ಮಕ್ಕಳು ಒಳಗೆ ಊಟಕ್ಕೆ ಕೂತಿದ್ದರು. ಪಿಕಪ್ಪಿನ ಮೇಲೆ ಒಂದು ಗೀರೂ ಇಲ್ಲದ್ದು ಕಂಡು ಅವನಿಗೆ ಹಿಗ್ಗೋ ಹಿಗ್ಗು. "ಎಷ್ಟು ಜೋಪಾನ ನನ್ನ ಯಬಾ!" ಎಂದು ಅಪ್ಪನ ಹಣೆಗೆ ಮುತ್ತಿಟ್ಟ. "ಸಂಜೆ ಮಕ್ಕಳನ್ನು ಇದರಲ್ಲೇ ಹಟ್ಟಿಗೆ ಕರೆದುಕೊಂಡು ಹೋಗಿ. ಆಟ ಆಡಲಿ, ನೀವು ಓಡಿಸಿದರೆ ಅವಕ್ಕೆ ಖುಷಿ."

"ಇನ್ಶಾ ಅಲ್ಲಾಹ್" ಎಂದರು ಶೇಖ್. ನನ್ನ ಕಡೆ ನೋಡಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಮಕ್ಕಳು ಅಲ್ಲಿ ಮರಿಗಳ ಹಿಂದೆ ಓಡುತ್ತಾರೆ, ಗಾಡಿಯ ಎದುರಿಗೇ ಓಡುತ್ತಾರೆ. ನಾನು ಆಣೆ ಹಾಕಿದ್ದು ಇದಕ್ಕಾ? ಬಾಯಿ ಬಿಡಲೇಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಮಗ, ಕವರು ಹಾಕಲು ಜಾಗ ಸಾಲದು, ಸ್ವಲ್ಪ ಮುಂದಕ್ಕೆ ಎಳೆಯುತ್ತೇನೆ ಎಂದು ಹತ್ತಿ ಕೂತ. ಶೇಖ್ ಮೆಲ್ಲಗೆ ನಡೆದು ಗಾಡಿಯ ಮುಂದಕ್ಕೆ ಹೋದರು. ಒಗೆದು ಇಸ್ತ್ರಿ ಮಾಡಿದ ಬಿಳಿ ತೋಬು ನಿಲುವಂಗಿಯಲ್ಲಿ, ಒಂದು ಕೈಯನ್ನು ಬಂಪರಿಗೆ ಊರಿ, ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಮಗ ಕೀಗೆ ಕೈ ಹಾಕಿದ. ನಾನು ಓಡಿ ಕಿಟಕಿಯ ಹತ್ತಿರ ಎರಡೂ ಕೈ ಎತ್ತಿದೆ. "ನಿಲ್ಲಿ! ನಿಮ್ಮ ಯಬಾ ಎಲ್ಲಿದ್ದಾರೆ ಹೇಳಿ ಮೊದಲು."

ಅವನಿಗೆ ತಮಾಷೆಯೆನಿಸಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮೂರು ಕನ್ನಡಿಗಳಲ್ಲೂ ನೋಡಿದ. ಎದುರಿಗೂ ನೋಡಿದ. "ಒಳಗೆ ಹೋದರೇನೋ" ಎಂದು ಕರೆಯಲಿಕ್ಕೆಂದು ಹಾರ್ನ್ ಒತ್ತಿದ.

"ಇಲ್ಲೇ ಇದ್ದೇನೆ ಮಗನೇ" ಎಂಬ ಸ್ವರ ಕೆಳಗಿನಿಂದ ಬಂತು.

ಮಗ ಇಳಿದು ಬಂದವನು ಅಪ್ಪನನ್ನು ನೋಡಿದ, ಬಾನೆಟ್ಟನ್ನು ನೋಡಿದ, ಮತ್ತೆ ಅಪ್ಪನನ್ನು ನೋಡಿದ. ಶೇಖ್ ಕೂತಲ್ಲಿಂದಲೇ ಎಲ್ಲ ಹೇಳಿದರು. ನನ್ನ ಮೇಲೆ ಗಾಡಿ ಹೋದದ್ದನ್ನು, ಟ್ಯಾಂಕರಿನವನನ್ನು, ಕ್ರೇಟನ್ನೂ ಬಿಡಲಿಲ್ಲ. "ನನ್ನ ಕಣ್ಣು ಸರಿಯಿದೆಯೋ ಇಲ್ಲವೋ ನೀನೇ ಹೇಳು. ನಿನ್ನ ಕಣ್ಣು ಮೂವತ್ತೈದು ವರ್ಷದ್ದು" ಎಂದರು.

ಮಗ ಆ ಮಣ್ಣಿನಲ್ಲೇ ಅಪ್ಪನ ಎದುರು ಕುಸಿದು ಕೂತ. "ಕಾಣಲಿಲ್ಲ ಯಬಾ" ಎಂದ. ಅವನ ಕಣ್ಣು ತುಂಬಿತ್ತು, ನನ್ನದೂ. "ಹಾಗಾದರೆ ಆಡುಗಳ ಹತ್ತಿರ ಹೇಗೆ ಹೋಗುತ್ತೀರಿ?" ಎಂದು ಕೇಳಿದ.

ಶೇಖ್ ಕೈ ಚಾಚಿದರು. ಮಗನ ಕೈಯಲ್ಲಿದ್ದ ಆ ದೊಡ್ಡ ಕೀಗಲ್ಲ. ಮಗ ಆ ಅಂಗೈಯನ್ನೇ ನೋಡಿದ, ಕಿಸೆಯೊಳಗಿನಿಂದ ತನ್ನ ಸಣ್ಣ ಕಾರಿನ ಕೀ ತೆಗೆದು ಅದರಲ್ಲಿ ಇಟ್ಟ. ಆಮೇಲೆ ಒಳಗೆ ತಿರುಗಿ, ಅಜ್ಜ ಹೊರಟಿದ್ದಾರೆ ಬೇಗ ಬನ್ನಿ ಎಂದು ಮಕ್ಕಳನ್ನು ಕೂಗಿದ.