ಕಣದಲ್ಲಿ ಒಂದು ಅನ್ನಬಾರದು

ಇಟ್ಟಮಡುವಿನ ಚಿಕ್ಕಬೈರಪ್ಪ ಬ್ಯಾಸ್ಕೆಟ್‌ಬಾಲ್ ರೆಫರಿಗೆ ಬೈದರೆ ಜಯನಗರದ ಒಲೆಗಳ ಮೇಲೆ ಹಾಲು ಒಡೆಯುತ್ತಿತ್ತು. ತನ್ನಪ್ಪ ರಾಗಿ ಒಕ್ಕುತ್ತಿದ್ದ ಕಣವನ್ನೇ ಆಟದ ಅಂಗಳ ಮಾಡಿ, ತಾನೇ ಕೋಚ್ ಆಗಿದ್ದ. ನಿಯಮಗಳು ಅವನಿಗೆ ಅರ್ಧ ಗೊತ್ತಿದ್ದವು. ಉಳಿದರ್ಧವನ್ನು ಗಂಟಲಿನಿಂದ ತುಂಬಿಸುತ್ತಿದ್ದ.

ಜಗಳವೆಲ್ಲ ಒಂದೇ ನಿಯಮದ್ದು. ಎದುರಾಳಿಯ ಬುಟ್ಟಿಯ ಕೆಳಗೆ, ಗೆರೆಯೊಳಗೆ, ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಣದಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಾರೆ. ಒಂದು ಅಂದರೆ ಆ ಕೊಳಗ ಕಣದ ಭೂತದ ಪಾಲು. ಚಿಕ್ಕಬೈರಪ್ಪನೂ ಸೆಕೆಂಡುಗಳನ್ನು ಹಾಗೆಯೇ ಎಣಿಸುತ್ತಿದ್ದ.

“ಲಾಭ ದೇವ್ರುದ್ದು ಸಾರ್, ಲೆಕ್ಕಕ್ಕಿಲ್ಲ. ಎರಡು, ಮೂರು, ನಾಲ್ಕು. ಮೂರೇ ಆಯ್ತಲ್ಲ!”

ಇನ್ನೊಮ್ಮೆ ರೆಫರಿಯ ಮೇಲೆ ಹೋದರೆ ಟೀಮನ್ನೇ ಹೊರಗಿಡುತ್ತೇವೆಂದು ಸಂಘದವರು ಎಚ್ಚರಿಸಿದ್ದರು. ಅರವತ್ನಾಲ್ಕನೇ ಇಸವಿಯ ಒಂದು ಸಂಜೆ ಅದೇ ಕಣದಲ್ಲಿ ಜಯನಗರದವರ ಮೇಲೆ ಪಂದ್ಯ. ಚಿಕ್ಕಬೈರಪ್ಪ ಬಾಯಿಗೆ ಎಲೆಯಡಿಕೆ ತುಂಬಿಕೊಂಡು ಕೂತ. ಅವನ ತಮ್ಮ ರಾಮಯ್ಯ ಬುಟ್ಟಿಯ ಕೆಳಗೆ ನಿಂತ. ಕಾಗೆಗಳು ಸುತ್ತಿ ಹಾರಬೇಕಾದಷ್ಟು ಉದ್ದದ ಆಳು.

ರೆಫರಿ ರಾಮಪ್ರಸಾದ ಹೊಸಬ. ಜಗಳವೇ ಬೇಡವೆಂದು ಎಲ್ಲರಿಗೂ ಕೇಳುವಂತೆ ಎಣಿಸಿದ: “ಒಂದು...”

“ಅಯ್ಯೋ, ಕಣದಾಗೆ ಅದ್ನ ಅನ್ಬಾರ್ದು ಸಾಮಿ,” ಅಂದಳು ಚಿಕ್ಕಬೈರಪ್ಪನ ಹೆಂಡತಿ ಸೊಣ್ಣಮ್ಮ.

ರಾಮಪ್ರಸಾದ ನಕ್ಕು ಬಾಯಿ ಮುಚ್ಚಿದ. ಎಣಿಕೆ ನಿಲ್ಲಲಿಲ್ಲ.

“ಎರಡು,” ಅಂದಿತು ಗೆರೆಯೊಳಗಿನ ನೆಲ. ಮೊರದಿಂದ ರಾಗಿ ಸುರಿದಂಥ ದನಿ. ಗಾಳಿಯಿಲ್ಲದೆ ರಾಮಯ್ಯನ ಸುತ್ತ ಹೊಟ್ಟು ಎದ್ದಿತು. ಅವನ ಕಾಲುಗಳು ಧೂಳಿನಲ್ಲಿ ಮೀನಖಂಡದವರೆಗೆ ಇಳಿದಿದ್ದವು.

“ಅಣ್ಣ, ಕಾಲು ಮೇಲಕ್ಕೆ ಬತ್ತಿಲ್ಲ ಕಣಣ್ಣ.”

ಚಿಕ್ಕಬೈರಪ್ಪ ಎಲೆಯಡಿಕೆ ಉಗಿದು ಓಡಿದ. “ಊದಿ ಸಾರ್! ನಮ್ದೇ ತಪ್ಪು, ಊದಿ!”

“ಇನ್ನೂ ಮೂರು ಆಗಿಲ್ಲ ಕಣ್ರೀ,” ಅಂದ ರಾಮಪ್ರಸಾದ. ನೆಲ ಕುಸಿದರೂ ಅವನ ನಿಯಮ ಅಲುಗಿರಲಿಲ್ಲ.

“ಲಾಭನೂ ಲೆಕ್ಕಕ್ಕೆ ತಗೊಳ್ಳಿ ಸಾರ್, ಮೂರಾಯ್ತು, ನಿಮ್ ದಮ್ಮಯ್ಯ.”

ರೆಫರಿ ಕದಲಲಿಲ್ಲ. ಚಿಕ್ಕಬೈರಪ್ಪ ಅವನ ಕೊರಳಿನ ಪೀಪಿ ಕಿತ್ತು, ಬನಶಂಕರಿ ಗುಡಿಯ ಗಂಟೆ ತಾನಾಗಿ ಮೊಳಗುವಂತೆ ಊದಿದ. ನೆಲ ಸಡಿಲಿತು. ರಾಮಯ್ಯ ಗೆರೆಯಾಚೆ ಬೋರಲು ಬಿದ್ದ.

“ಕೋಚ್ ಊದೋ ಹಾಗಿಲ್ಲ. ನಿಮ್ಮ ಟೀಮ್ ಹೊರಕ್ಕೆ,” ಅಂದ ರಾಮಪ್ರಸಾದ.

“ಆಗ್ಲಿ ಸಾರ್,” ಅಂದ ಚಿಕ್ಕಬೈರಪ್ಪ, ತಮ್ಮನ ಕಾಲು ತಡವುತ್ತ. ರೆಫರಿಯ ಮಾತಿಗೆ ಅವನು ತಲೆಬಾಗಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಎಲ್ಲರೂ ಬೆನ್ನು ತಿರುಗಿಸದೆ ಹಿಂದಕ್ಕೆ ನಡೆದರು. ಖಾಲಿ ಗೆರೆಯೊಳಗೆ ಎಣಿಕೆ ಐದು, ಆರು ಅಂತ ಸಾಗಿತ್ತು.